ಡಬ್ಬಿಯ ಶಾವಂತಿಗೆ ಬಿಲ್ಲು ಎಂದು ಹೆಸರಿಟ್ಟವರಿಗೆ

ಗುಂಜೋಟಿ, ತಾಲೂಕು ಉಮರ್ಗಾ
ಶನಿವಾರ

ಅನುವಾದ ಯಂತ್ರದವರಿಗೆ,
ಮೊಕ್ಕಾಂ: ಮಹಿಳಾ ಕಲಾ ಮಂಡಳದ ಕಚೇರಿ, ಕಿಟಕಿಯ ಪಕ್ಕದ ಮೇಜು, ಉಮರ್ಗಾ.

ವಿಷಯ: ಮನೆಯಲ್ಲಿ ಉಳಿದ ಉಡುಗೊರೆ ಬಿಲ್ಲುಗಳ ಸದುಪಯೋಗ ಮತ್ತು ಅದರಿಂದ ಒದಗಿದ ಅನಾಹುತ.

ಮಾನ್ಯರೇ,

ತಮ್ಮ ಘನವಾದ ಪೆಟ್ಟಿಗೆಗೂ ಅದರ ಬೆನ್ನಿಗೆ ಇಳಿಬಿದ್ದಿರುವ ಸಕಲ ವೈರುಗಳಿಗೂ ನನ್ನ ಶರಣು ಶರಣಾರ್ಥಿ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಬರುವ ಉಮರ್ಗಾದಲ್ಲಿಯೂ ತಾವು ಆರೋಗ್ಯದಿಂದಿದ್ದೀರಿ, ಮುಂದೆಯೂ ಹಾಗೆಯೇ ಇರುವಿರಿ ಎಂದು ಹಾರೈಸುತ್ತೇನೆ. ನಾನು ಯಾರ ಎದುರಿಗೂ ನಿಂತು ದೂರು ಹೇಳಿದವಳಲ್ಲ. ಬಸ್ಸಿನ ಕಂಡಕ್ಟರು ನಮ್ಮೂರು ಬಂದದ್ದನ್ನು ಮರೆತರೆ, ಮುಂದಿನ ಊರಿನಲ್ಲಿ ಯಾರಾದರೂ ಇಳಿಯುವಾಗ ಅವರ ಹಿಂದೆ ಇಳಿದು ನಡೆದುಕೊಂಡು ಬರುವವಳು. ತಮಗೆ ಮುಖವಿಲ್ಲ ಎಂಬ ಒಂದೇ ಅನುಕೂಲದಿಂದ ಈ ಪತ್ರಕ್ಕೆ ಧೈರ್ಯ ಬಂದಿದೆ. ಅದಕ್ಕಾಗಿ ತಮ್ಮನ್ನು ತಯಾರಿಸಿದವರಿಗೆ ನಾನು ಋಣಿ.

ಪರಿಚಯ ಹೇಳಿಕೊಳ್ಳುವುದು ಮರ್ಯಾದೆ. ಗುಂಜೋಟಿಯಲ್ಲಿ ಮನೆಮನೆಗೆ ಹೋಗಿ ಪೂಜೆ, ಗೃಹಪ್ರವೇಶ ಮಾಡಿಸುವ ವಿಶ್ವನಾಥಯ್ಯನವರ ಮಗಳು ನಾನು, ಉಜ್ವಲಾ. ಕನ್ನಡ ಎಂ.ಎ. ಮಾಡಿಕೊಂಡಿದ್ದೇನೆ. ಮರಾಠಿ ನಾಡಿನಲ್ಲಿ ಕುಳಿತು ಕನ್ನಡ ಎಂ.ಎ. ಮಾಡಿದರೆ ಏನಾಗುತ್ತದೆ ಎಂದು ನೆಂಟರು ಬಹಳ ದಿನ ಕೇಳಿದರು. ಏನಾಯಿತೆಂದರೆ, ಮಂಡಳದಿಂದ ಹೊರಡುವ ಮರಾಠಿ ಮತ್ತು ಇಂಗ್ಲಿಷ್ ಸೂಚನಾಪತ್ರಗಳನ್ನು ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕನ್ನಡ ಮಾತಾಡುವ ಹೆಂಗಸರಿಗಾಗಿ ಕನ್ನಡದಲ್ಲಿ ಬರೆಯುವ ಕೆಲಸ ಸಿಕ್ಕಿತು. ಮೂರು ವರ್ಷ ನೀಲಿ ಮಸಿಯಲ್ಲಿ ಬರೆದೆ, ಝೆರಾಕ್ಸ್ ಮಾಡಿಸಿದೆ, ಆಯಾ ಊರಿನ ಬಸ್ಸಿಗೆ ಕೊಟ್ಟು ಕಳಿಸಿದೆ. ಆಮೇಲೆ ತಾವು ಬಂದಿರಿ.

ತಾವು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಕಳೆದ ದೀಪಾವಳಿಯ ಸುಟ್ಟಿ, ಅಂದರೆ ರಜೆ, ಮುಗಿದ ವಾರ, ಪುಣೆಯ ಯಾವುದೋ ಕಂಪನಿಯವರು ಮಂಡಳಕ್ಕೆ ಉಡುಗೊರೆಯಾಗಿ ಕಳಿಸಿದ ಡಬ್ಬಿಯೊಳಗೆ ತಾವು ಕುಳಿತಿದ್ದಿರಿ. ಡಬ್ಬಿಯ ನೆತ್ತಿಯ ಮೇಲೆ, ಎಳೆಗೂಸಿನ ತಲೆಯಷ್ಟು ದೊಡ್ಡದಾದ, ಮಿರುಗುವ ನೇರಳೆ ರಿಬ್ಬನ್ನನ್ನು ಸುತ್ತಿ ಸುತ್ತಿ ಹೂವಿನಂತೆ ಮಾಡಿದ ಒಂದು ಅಲಂಕಾರವಿತ್ತು. ಈ ಅಲಂಕಾರವನ್ನು ದಯವಿಟ್ಟು ಜ್ಞಾಪಕದಲ್ಲಿಡಿ. ನನ್ನ ಇಡೀ ದೂರು ಅದರ ಮೇಲೆಯೇ ನಿಂತಿದೆ. ಮಂಡಳದ ವ್ಯವಸ್ಥಾಪಕರಾದ ಧನರಾಜ ಸರ್ ಅದನ್ನು ಕಿತ್ತು ನೆಲಕ್ಕೆ ಹಾಕಿದರು, ತಮ್ಮನ್ನು ಎತ್ತಿ ಮೇಜಿನ ಮೇಲಿಟ್ಟರು. ನೆಲದ ಮೇಲಿದ್ದುದನ್ನು ನಾನು ಎತ್ತಿಕೊಂಡು ನನ್ನ ಕೈಚೀಲಕ್ಕೆ ಅಂಟಿಸಿಕೊಂಡೆ. ನಮ್ಮಿಬ್ಬರಲ್ಲಿ ಯಾರಿಗೆ ಏನು ಎಂಬ ಹಂಚಿಕೆ ಅಂದೇ ಆಗಿಹೋಯಿತು.

“ಇನ್ನ ನೀವು ಬರೀಬ್ಯಾಡ್ರಿ ಮೇಡಂ, ಬರೇ ಓದಿ ಸಹಿ ಹಾಕ್ರಿ,” ಎಂದರು ಧನರಾಜ ಸರ್. “ಮಶೀನಿಗಿ ನಿದ್ದಿಲ್ಲ, ಸುಟ್ಟಿಲ್ಲ, ತವರಮನಿಗಿ ಹೋಗ್ತೀನಿ ಅನ್ನಲ್ಲ.” ಅಂದಿನಿಂದ ತಾವು ಬರೆದ ಪ್ರತಿಯೊಂದು ಹಾಳೆಯ ಕೆಳಗೆ ನಾನು ‘ಓದಿ ನೋಡಿದೆ, ಸರಿಯಾಗಿದೆ’ ಎಂದು ಬರೆದು ನನ್ನ ಹೆಸರು ಹಾಕುತ್ತ ಬಂದಿದ್ದೇನೆ.

ತಮ್ಮ ಪ್ರತಿಭೆಯನ್ನು ನಾನು ಅಲ್ಲಗಳೆಯುವವಳಲ್ಲ. ಸಪ್ನಾ ಎಂಬ ಸದಸ್ಯೆ ಸಭೆಗೆ ಬರಲಿಲ್ಲ ಎಂದು ಮರಾಠಿ ನಡಾವಳಿಯಲ್ಲಿದ್ದುದನ್ನು ತಾವು ‘ಸಭೆಗೆ ಕನಸು ಬರಲಿಲ್ಲ’ ಎಂದು ಕನ್ನಡಕ್ಕೆ ತಂದಿರಿ. ಎರಡು ವರ್ಷ ಕಾವ್ಯಮೀಮಾಂಸೆ ಓದಿದ ನನಗೆ ಅಂಥ ಒಂದು ಸಾಲು ಹೊಳೆದಿರಲಿಲ್ಲ. ಮಂಡಳದ ಸಭೆಗಳಲ್ಲಿ ಕೂತು ಎದ್ದವರೆಲ್ಲ ಅದು ನಿಜವೆಂದೇ ಒಪ್ಪಿದರು. ನಾನೂ ಸಹಿ ಹಾಕಿದೆ.

ಹೀಗಿರುವಾಗ ಜನವರಿಯಲ್ಲಿ ಪುಣೆಯ ಅದೇ ಕಂಪನಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಹಬ್ಬದ ಉಡುಗೊರೆಗಳ ಮೇಲೆ ಅಂಟಿಸಿದ್ದ ರಿಬ್ಬನ್ ಹೂಗಳು ಹಬ್ಬ ಮುಗಿದ ಮೇಲೆ ಕಸಕ್ಕೆ ಹೋಗುತ್ತವಲ್ಲ, ಅವುಗಳಿಂದ ಹೆಂಗಸರು ಏನೇನು ಕರಕುಶಲ ವಸ್ತು ಮಾಡಬಲ್ಲರು ಎಂದು ಉದಗೀರದಲ್ಲಿ ಒಂದು ಪ್ರದರ್ಶನ ಏರ್ಪಡಿಸಬೇಕು. ಯಾರ ಕೈಕೆಲಸ ಎಲ್ಲಕ್ಕಿಂತ ಮೇಲಾಗಿರುತ್ತದೋ ಅವಳನ್ನು ನಿಲಂಗಾದಲ್ಲಿ ತೆರೆಯಲಿರುವ ಕರಕುಶಲ ವರ್ಗಕ್ಕೆ ಕಲಿಸುವವಳಾಗಿ ನೇಮಿಸಬೇಕು ಎಂಬುದು ಅದರ ಸಾರಾಂಶ. ಮರಾಠಿ ಸೂಚನೆಯನ್ನು ಕಾರ್ಯದರ್ಶಿ ರೂಪಾಲಿ ಕೈಯಿಂದಲೇ ಬರೆದಳು. ಇಂಗ್ಲಿಷ್ ಪತ್ರದಲ್ಲಿ ‘ಬೋ’ ಎಂದಿದ್ದುದಕ್ಕೆ ಏನೆನ್ನಬೇಕು ಎಂದು ಕ್ಷಣ ಪೆನ್ನು ಕಚ್ಚಿದಳು, ತಲೆ ಎತ್ತಿದಳು, ನನ್ನ ಚೀಲ ನೋಡಿದಳು, ರಿಬ್ಬನ್ ಹೂಗಳು ಎಂಬರ್ಥದಲ್ಲಿ ‘ರಿಬ್ಬನಚೀ ಫುಲೆ’ ಎಂದು ಬರೆದು ಚಹಾ ಕುಡಿಯಲು ಎದ್ದಳು.

ತಮಗೆ ಚಹಾದ ಅಗತ್ಯವಿಲ್ಲ. ಅದೇ ಇಂಗ್ಲಿಷ್ ಪತ್ರದಿಂದ ಎರಡು ನಿಮಿಷದಲ್ಲಿ ತಾವು ಹೊರಗೆ ಕಳಿಸಿದ ಕನ್ನಡವನ್ನು ಇಲ್ಲಿ ಭಕ್ತಿಯಿಂದ ಉದ್ಧರಿಸುತ್ತೇನೆ: ‘ಉಳಿದ ರಜಾದಿನದ ಉಡುಗೊರೆ ಬಿಲ್ಲುಗಳನ್ನು ಎಸೆಯಬೇಡಿ. ಮಹಿಳೆಯರು ತಮ್ಮ ಬಿಲ್ಲುಗಳನ್ನು ಮನೆಯಿಂದ ತಂದು ಸೃಜನಶೀಲವಾಗಿ ಬಳಸತಕ್ಕದ್ದು. ಚಿಕ್ಕ ಬಿಲ್ಲುಗಳನ್ನು ಮಗುವಿನ ಕೂದಲಿಗೆ ಸಿಕ್ಕಿಸಿ. ದೊಡ್ಡ ಬಿಲ್ಲನ್ನು ಬಾಗಿಲಿಗೆ ಹಾಕಿ ಅತಿಥಿಗಳನ್ನು ಬೆರಗುಗೊಳಿಸಿ.’ ಇಂಗ್ಲಿಷಿನಲ್ಲಿ ರಿಬ್ಬನ್ ಹೂವಿಗೂ ಬಾಣ ಬಿಡುವ ಬಿಲ್ಲಿಗೂ ‘ಬೋ’ ಎಂಬ ಒಂದೇ ಹೆಸರು, ತಾವು ಎರಡನೆಯದನ್ನು ಆರಿಸಿಕೊಂಡಿರಿ. ಬಾಗಿಲಲ್ಲಿ ಬಿಲ್ಲು ಕಂಡ ಅತಿಥಿ ಬೆರಗಾಗುವುದರಲ್ಲಿ ಸಂಶಯವಿಲ್ಲ. ಅವನು ಒಳಗೆ ಬರುತ್ತಾನೆಯೇ ಎಂಬುದನ್ನು ಮಾತ್ರ ತಾವು ಹೇಳಿಲ್ಲ.

ತಾವು ನಮ್ಮ ನಾಡಿಗೆ ಹೊಸಬರು. ಆದ್ದರಿಂದ ಆ ರಿಬ್ಬನ್ ಹೂಗಳಿಗೆ ಇಲ್ಲಿರುವ ಸ್ಥಾನಮಾನ ತಮಗೆ ತಿಳಿದಿರಲಾರದು. ಅವುಗಳನ್ನು ಎಸೆಯಬೇಡಿ ಎಂದು ನಮ್ಮ ಹೆಂಗಸರಿಗೆ ಹೇಳುವುದು ಹಿಟ್ಟು ಚೆಲ್ಲಬೇಡಿ ಎಂದು ಹೇಳಿದಂತೆ. ನನ್ನ ತಾಯಿ ಗಿರಿಜಾಬಾಯಿಯವರ ಟ್ರಂಕಿನಲ್ಲಿ ಒಂದು ಕೆಂಪು ರಿಬ್ಬನ್ ಹೂವಿದೆ, ಅದರ ಒಂದು ಅಂಚು ಊದುಬತ್ತಿ ತಾಗಿ ಸುಟ್ಟಿದೆ. ನಮ್ಮ ಮನೆಯಿಂದ ಮದುವೆಯ ಆಹೇರದ, ಅಂದರೆ ಉಡುಗೊರೆಯ, ಡಬ್ಬಿಯ ಮೇಲೆ ಕುಳಿತು ಉಮರ್ಗಾಕ್ಕೆ ಹೋದ ಅದು, ಅಲ್ಲಿಂದ ಯಾರದೋ ತೊಟ್ಟಿಲಿಗೆಂದು ನಿಲಂಗಾಕ್ಕೆ ಹೋಗಿ, ಅಲ್ಲಿಂದ ಇನ್ನಾರದೋ ವಾಸ್ತುಶಾಂತಿಗೆ ಉದಗೀರ ಮುಟ್ಟಿ, ನಾಲ್ಕನೆಯ ವರ್ಷ ನನ್ನ ಅಣ್ಣನ ಮದುವೆಯಲ್ಲಿ ಒಂದು ಗೋಡೆ ಗಡಿಯಾರದ ಮೇಲೆ ಕುಳಿತು ತವರಿಗೆ ಮರಳಿತು. ಸುಟ್ಟ ಅಂಚನ್ನು ನೋಡಿ ಅವ್ವ ಅದನ್ನು ಗುರುತಿಸಿದರು. “ಹೊಸಾದು ಯಾಕ ತರಬೇಕು, ತುಸು ಗೋಂದ ಹಚ್ಚಿದ್ರ ಇನ್ನಾ ನಾಕ ಮದಿವಿ ಮಾಡ್ತದ ಇದು,” ಎಂದು ಮತ್ತೆ ಟ್ರಂಕಿಗೆ ಸೇರಿಸಿದರು. ಇಂಥ ಊರುಗಳಿಗೆ ತಾವು ಬಿಲ್ಲು ತನ್ನಿ ಎಂದು ಆಜ್ಞಾಪಿಸಿದಿರಿ.

ಆಜ್ಞೆಯನ್ನು ಜನ ಪಾಲಿಸಿದ ಬಗೆ ಕೇಳಿದರೆ ತಮಗೆ ಸಂತೋಷವಾಗಬಹುದು. ಸಾಸ್ತೂರದ ಬಂಡಮ್ಮ ಒಂದು ಚೀಲದ ತುಂಬ ಹಳೆಯ ಲೈಟ್ ಬಿಲ್ಲು ಕಟ್ಟಿಕೊಂಡು ಬಂದಳು. “ಬಿಲ್ಲ ಒಗಿಬ್ಯಾಡ್ರಿ ಅಂತ ಬರದಾರಲ್ರೀ. ನಮ್ಮ ಮಾವನ ಕಾಲದ್ದಿಂದ ಇಟ್ಟೀನಿ, ಒಂದೂ ಒಗದಿಲ್ಲ,” ಎಂದಳು. ರಜಾದಿನದ ಬಿಲ್ಲು ಎಂದರೆ ಯಾವುದು ಎಂದು ಕೇಳಿದ್ದಕ್ಕೆ, “ಕರೆಂಟ ಇಲ್ಲದ ದಿನಾನೂ ಬಿಲ್ಲ ಬರ್ತದಲ್ರೀ, ಅದ ಇರಬೇಕ್ರಿ,” ಎಂದಳು. ಮರಾಠವಾಡದಲ್ಲಿ ತಮ್ಮ ಕನ್ನಡಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಇನ್ನು ಹುಟ್ಟಲಾರದು. ಆ ಕಾಗದಗಳಿಂದ ಅವಳು ಒಂದು ತೋರಣ ಮಾಡಿದ್ದಳು, ನಿಜಕ್ಕೂ ಚೆನ್ನಾಗಿತ್ತು.

ನಾನು ದೂರು ಬರೆಯುತ್ತಿರುವುದು ಬಂಡಮ್ಮನ ಸಲುವಾಗಿ ಅಲ್ಲ, ಜಗದೇವಿಯ ಸಲುವಾಗಿ. ವಲಾಂಡಿಯ ಜಗದೇವಿ ಕುರಿ ಸಾಕುವವರ ಸೊಸೆ. ಬೀರಪ್ಪ ದೇವರಿಗೆ ಬಿಟ್ಟ ಟಗರುಗಳ ಕೊರಳಿಗೆ ಅವಳು ಉಣ್ಣೆಯಿಂದ ಹೆಣೆದ ಗೊಂಡೆಗಳನ್ನು ಕೇಳಿಕೊಂಡು ಅಕ್ಕಪಕ್ಕದ ಊರಿನವರು ಬರುತ್ತಾರೆ. ಮಳೆಗಾಲ ಮುಗಿಯುತ್ತಲೇ ಮನೆಯವರೆಲ್ಲ ಕುರಿ ಹೊಡೆದುಕೊಂಡು ಊರೂರು ನಡೆಯುತ್ತಾರೆ. ಕಳೆದ ವರ್ಷ ಬಂಡೆಯ ಮೇಲಿಂದ ಜಾರಿ ಬಲಗಾಲಿನ ಮೊಳಕಾಲು ಕೆಟ್ಟ ಮೇಲೆ ಅವಳಿಗೆ ದೂರ ನಡೆಯುವುದು ಮುಗಿಯಿತು. ಹಿಂಡು ಹೊರಟಾಗ ಅವಳೂ ವಯಸ್ಸಾದ ಮಾವನೂ ಒಂದೆರಡು ಟಗರುಗಳ ಜೊತೆ ಹಿಂದೆ ಉಳಿದರು. ಕೂತು ಮಾಡುವ ಕೆಲಸ, ಅದೂ ತನ್ನ ಕೈ ಬಲ್ಲ ಕೆಲಸ, ನಿಲಂಗಾದಲ್ಲಿ ಇದೆ ಎಂದು ತಮ್ಮ ಸೂಚನಾಪತ್ರದ ಕೊನೆಯ ಸಾಲಿನಲ್ಲಿ ಓದಿಸಿಕೊಂಡ ದಿನ ಅವಳು ಎರಡು ಸಲ ಓದಿಸಿಕೊಂಡಳಂತೆ.

ಅವಳ ಮಾವ ಬಕ್ಕಪ್ಪನಿಗೆ ಮಾತ್ರ ಮೊದಲ ಸಾಲೇ ಗಂಟಲಲ್ಲಿ ಸಿಕ್ಕಿಕೊಂಡಿತು. “ಬೀರಪ್ಪನ ಗುಡ್ಯಾಗ ಬೆತ್ತ ಅದಾ, ಡೊಳ್ಳ ಅದಾವ, ಬಿಲ್ಲ ಎಲ್ಲೀದು? ಸುಟ್ಟ್ಯಾಗ ನಮಗ ಬಿಲ್ಲ ಆಹೇರ ಮಾಡಿದವ್ರು ಯಾರವ್ವಾ?” ಎಂದನಂತೆ. ಆದರೂ ಸೊಸೆಯ ಮುಖ ನೋಡಿ, ಬಿದಿರು ತಂದು, ನಾಲ್ಕು ದಿನ ಸೀಳಿ ಹದ ಮಾಡಿ, ಬೆಂಕಿಗೆ ಹಿಡಿದು ಬಗ್ಗಿಸಿ, ಕುರಿಯ ಉಣ್ಣೆಯ ಹುರಿಯ ಹೆದೆಯೇರಿಸಿ, ಆಳುದ್ದದ ಒಂದು ಬಿಲ್ಲು ಮಾಡಿಕೊಟ್ಟ. ಜಗದೇವಿ ಅದಕ್ಕೆ ಎರಡೂ ತುದಿಗೆ ಕರಿ ಬಿಳಿ ಗೊಂಡೆ ಕಟ್ಟಿದಳು. ಅದನ್ನು ಹಿಡಿದುಕೊಂಡು, ಕುಂಟುತ್ತ, ಉದಗೀರದ ಪ್ರದರ್ಶನದ ಬಾಗಿಲಿಗೆ ಬಂದಳು.

ಬಾಗಿಲಲ್ಲಿದ್ದ ಕಾವಲುಗಾರ ಮೊದಲು ಅವಳನ್ನು ಒಳಗೆ ಬಿಡಲಿಲ್ಲ. ಬಿಟ್ಟ ಮೇಲೆ ಪರೀಕ್ಷಕರು ಮರಾಠಿಯಲ್ಲಿ “ಹೇ ಕಾಯ ಆಹೇ?”, ಇದೇನು, ಎಂದು ಕೇಳಿದರು. ಅವಳು ಗಂಭೀರವಾಗಿ ಮರಾಠಿಯಲ್ಲಿಯೇ, ನೀವು ತರಹೇಳಿದ್ದು ಎಂದಳು. ಸುತ್ತ ನಿಂತವರು ನಕ್ಕರು. ಆ ನಗೆಯಲ್ಲಿ ಕೆಡುಕಿರಲಿಲ್ಲ, ಕೆಡುಕಿದ್ದಿದ್ದರೆ ಅವಳು ಉತ್ತರ ಕೊಡುತ್ತಿದ್ದಳು. ಒಳ್ಳೆಯ ಮನಸ್ಸಿನಿಂದ ನಕ್ಕವರ ಜೊತೆ ತಾನೂ ಸ್ವಲ್ಪ ನಕ್ಕಳು. ಅವಳ ಹೆಸರನ್ನು ‘ಇತರೆ’ ಎಂಬ ಪಟ್ಟಿಗೆ ಸೇರಿಸಲಾಯಿತು. ಉದಗೀರ ಪೇಟೆಯ ಪೂನಮ್ ಎಂಬುವರು ಎಂಟು ರಿಬ್ಬನ್ ಹೂಗಳನ್ನು ಒಂದು ಬಳೆಗೆ ಅಂಟಿಸಿ ಬಾಗಿಲಿಗೆ ತೂಗುಹಾಕುವ ಚಕ್ರ ಮಾಡಿದ್ದರು, ಅವರಿಗೆ ಮೊದಲ ಸ್ಥಾನ ಬಂತು. ಪೂನಮ್ ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಅವರು ಮರಾಠಿ ಓದಿದ್ದರು, ಅಷ್ಟೇ.

ಜಗದೇವಿ ಆ ಚಕ್ರದ ಎದುರಿಗೆ ಬಹಳ ಹೊತ್ತು ನಿಂತಳು. ಆಮೇಲೆ, ಮಂಡಳದ ಪರವಾಗಿ ಅಲ್ಲಿಗೆ ಬಂದಿದ್ದ ನನ್ನ ಕಡೆಗೆ ತಿರುಗಿ, “ಇವು ಡಬ್ಬಿ ಶಾವಂತಿಗಿ ಅಲ್ಲೇನ್ರೀ ಅಕ್ಕೋರ?” ಎಂದಳು. “ಮನ್ಯಾಗ ಒಂದ ಡಬರಿ ತುಂಬ ಅದಾವ.” ಡಬ್ಬಿಗಳ ಮೇಲೆ ಅರಳುವ ಸೇವಂತಿಗೆ, ಆದ್ದರಿಂದ ಡಬ್ಬಿ ಶಾವಂತಿಗಿ. ಆ ವಸ್ತುವಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ನಾನು ಮೂರು ನಿಘಂಟು ತಿರುವಿ ಹಾಕಿದ್ದೆ, ಸಿಕ್ಕಿರಲಿಲ್ಲ.

ಆಮೇಲೆ ಅವಳ ಕಣ್ಣು ನನ್ನ ಚೀಲದ ಮೇಲೆ ಬಿತ್ತು. ತಮ್ಮ ನೆತ್ತಿಯಿಂದ ಇಳಿದು ಬಂದ ನೇರಳೆ ಶಾವಂತಿ ಅಲ್ಲಿ ಮಿರುಗುತ್ತಿತ್ತು. “ನಿಮ್ಮ ಚೀಲಕ್ಕೂ ಒಂದದಲ್ರೀ,” ಎಂದಳು. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಲೆಂಬಂತೆ ಕೇಳಿದಳು: “ನೀವು ಓದಿದ್ರಲ್ರೀ ಅಕ್ಕೋರ? ಕೆಳಗ ನಿಮ್ಮ ಹೆಸರ ಅದಾ ಅಂದ್ರು.”

ಮಾನ್ಯರೇ, ಇಲ್ಲಿ ನನ್ನ ದೂರಿನ ಗಾಲಿ ಕೆಸರಿಗೆ ಇಳಿಯುತ್ತದೆ. ನಾನು ಓದಿದ್ದೆ. ‘ಬಿಲ್ಲು’ ಎಂಬ ಮಾತು ಕಣ್ಣಿಗೆ ಬಿದ್ದ ಕೂಡಲೇ ತಪ್ಪೆಂದು ಗೊತ್ತಾಗಿತ್ತು. ಹಾಳೆ ಹಿಡಿದುಕೊಂಡು ಧನರಾಜ ಸರ್ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ನಾಲ್ಕು ಜನ ಕುಳಿತಿದ್ದರು, ಸರ್ ತಮ್ಮನ್ನೇ ಹೊಗಳುತ್ತಿದ್ದರು. ಆ ಹೊಗಳಿಕೆ ಮುಗಿಯಲಿ ಎಂದು ಹೊಸ್ತಿಲ ಹೊರಗೆ ನಿಂತೆ. ಅದು ಮುಗಿಯಲಿಲ್ಲ. ಹಿಂದೆ ಬಂದು, ತಮ್ಮ ಪಕ್ಕದಲ್ಲಿ ಕುಳಿತು, ‘ಓದಿ ನೋಡಿದೆ, ಸರಿಯಾಗಿದೆ’ ಎಂದು ಬರೆದೆ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಆದ್ದರಿಂದ ತಮಗೂ ನನಗೂ ಇರುವ ವ್ಯತ್ಯಾಸವನ್ನು ಸರಿಯಾಗಿ ತೂಗಬೇಕೆಂದರೆ, ತಾವು ತಿಳಿಯದೆ ಬರೆದಿರಿ, ನಾನು ತಿಳಿದು ಒಪ್ಪಿದೆ. ತಮ್ಮ ಪಾಲು ಚಿಕ್ಕದು.

ಅಂದು ಮಧ್ಯಾಹ್ನದ ಬಸ್ಸಿನಲ್ಲಿ ಜಗದೇವಿಯ ಜೊತೆ ವಲಾಂಡಿಗೆ ಹೋದೆ. ಬಿಲ್ಲಿಗೆ ಬಸ್ಸಿನಲ್ಲಿ ನಮಗಿಂತ ಹೆಚ್ಚು ಜಾಗ ಬೇಕಾಯಿತು. ಅವಳು ಆ ಡಬರಿ ಪಾತ್ರೆಯನ್ನು ತೆಗೆದು ನೆಲಕ್ಕೆ ಸುರುವಿದಳು. ಕೂಸಿಗೆ ಹಾಕುವ ಕುಂಚಿಗೆಯ ಅಂಚಿಗೆ ಸಾಲಾಗಿ ಹೊಲಿದ ಹಳದಿ ಶಾವಂತಿ. ಕಂಬಳಿಗಳ ರಾಶಿಯಲ್ಲಿ ತನ್ನದು ಯಾವುದೆಂದು ತಿಳಿಯಲು ಮೂಲೆಗೆ ಕಟ್ಟಿದ ಬಿಳಿ ಶಾವಂತಿ. ಅವಳಿ ಮರಿಗಳಲ್ಲಿ ಯಾವುದು ಹಾಲು ಕುಡಿಯಿತು, ಯಾವುದು ಕುಡಿದಿಲ್ಲ ಎಂದು ಗುರುತಿಗೆ ಕೆಂಪು ಒಂದು, ಹಸಿರು ಒಂದು. ಜೋಳದ ಹೊಲಕ್ಕೆ ಗಿಳಿ ಬೀಳದಂತೆ ಬೆಳ್ಳಿ ಬಣ್ಣದವುಗಳನ್ನೆಲ್ಲ ಪೋಣಿಸಿ ಹುರಿ ಕಟ್ಟಿದ್ದಾಳೆ. ಗಾಳಿಗೆ ಅದು ತಿರುಗಿ ಫಳ್ ಎಂದರೆ ಗಿಳಿಯೇನು, ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಪುಣೆಯ ಕಂಪನಿ ಕೇಳಿದ ಪ್ರಶ್ನೆಗೆ ಉತ್ತರ, ಪ್ರಶ್ನೆ ಹುಟ್ಟುವ ಎಷ್ಟೋ ವರ್ಷ ಮೊದಲೇ, ವಲಾಂಡಿಯ ಒಂದು ಅಲ್ಯುಮಿನಿಯಂ ಡಬರಿಯಲ್ಲಿ ತುಂಬಿ ಕುಳಿತಿತ್ತು. ನಡುವೆ ಅಡ್ಡ ನಿಂತದ್ದು ಒಂದು ಬಿಲ್ಲು.

ಇನ್ನು ನನ್ನ ಬಿನ್ನಹಗಳು. ತಾವು ಸಾಧ್ಯವಾದಷ್ಟು ಬೇಗ ತಮ್ಮ ವೈರುಗಳನ್ನು ಸುತ್ತಿಕೊಂಡು ವಲಾಂಡಿಗೆ ದಯಮಾಡಿಸಿ, ಬಕ್ಕಪ್ಪನ ಎದುರು ಕುಳಿತು, ಬೆಂಕಿಗೆ ಹಿಡಿದು ಬಗ್ಗಿಸಿದ ಬಿದಿರಿಗೂ ಬೆರಳಿಗೆ ಸುತ್ತಿದ ರಿಬ್ಬನ್ನಿಗೂ ಏನು ವ್ಯತ್ಯಾಸ ಎಂಬುದನ್ನು ಅವನಿಂದ ತಿಳಿದುಕೊಳ್ಳಬೇಕು. ಅವನು ಒಳ್ಳೆಯವನು, ಬೈಯುವುದಿಲ್ಲ, ಮಜ್ಜಿಗೆ ಕೊಡುತ್ತಾನೆ, ತಾವು ಎಲ್ಲಿಂದ ಕುಡಿಯುತ್ತೀರಿ ಎಂದು ಹುಡುಕಾಡಬಹುದು. ಒಂದು ಸುಗ್ಗಿಯ ಕಾಲ ತಾವು ಕುರಿಗಳ ಹಿಂದೆ ನಡೆಯಬೇಕು. ಮೊಳಕಾಲಿಲ್ಲದ ತಮಗೆ ಅದು ಕೆಡುವ ಭಯವೂ ಇಲ್ಲ. ಬಿಲ್ಲು, ಬಂಡಮ್ಮನ ಬಿಲ್ಲು, ಡಬ್ಬಿ ಶಾವಂತಿ ಈ ಮೂರನ್ನೂ ದಿನಕ್ಕೆ ನೂರು ಸಲ ಬರೆದು ನನಗೆ ತೋರಿಸಬೇಕು. ಸಪ್ನಾ ಮುಂದಿನ ಸಭೆಗೆ ಬಂದರೆ, ಆಕೆಯನ್ನು ಕನಸು ಎಂದೇ ಬರೆಯಬಹುದು, ಅದಕ್ಕೆ ನನ್ನ ಅಡ್ಡಿಯಿಲ್ಲ. ಕೊನೆಯದಾಗಿ, ಇಂಗ್ಲಿಷಿನಲ್ಲಿ ‘ಬೋ’ ಎಂಬ ಅವೇ ಮೂರು ಅಕ್ಷರಗಳಿಗೆ ಉಚ್ಚಾರ ಸ್ವಲ್ಪ ಬದಲಿಸಿದರೆ ತಲೆಬಾಗುವುದು ಎಂಬ ಇನ್ನೊಂದು ಅರ್ಥ ಬರುತ್ತದೆ. ಆ ಅರ್ಥವನ್ನು ತಾವು ಒಮ್ಮೆಯೂ ಪ್ರಯೋಗಿಸಿದ್ದು ನಾನು ನೋಡಿಲ್ಲ. ಜಗದೇವಿಯ ಎದುರಿಗೆ ಪ್ರಯೋಗಿಸಬಹುದು. ಜೊತೆಗೆ ನಾನೂ ಇರುತ್ತೇನೆ.

ನಿಲಂಗಾದ ನೇಮಕವನ್ನು ಮಂಗಳವಾರ ಮಂಡಳದ ಸಭೆಯಲ್ಲಿ ಅಂತಿಮ ಮಾಡುತ್ತಾರೆ. ಕನ್ನಡ ಸೂಚನೆ ತಪ್ಪಿತ್ತು, ಕನ್ನಡ ಓದಿದ ಹೆಂಗಸರ ಕೈಕೆಲಸವನ್ನು ಇನ್ನೊಮ್ಮೆ ನೋಡಿ ಆಮೇಲೆ ತೀರ್ಮಾನಿಸಬೇಕು ಎಂದು ಆ ಸಭೆಗೆ ತಿಳಿಸುವ ಸಲುವಾಗಿ ಈ ಬಹಿರಂಗ ಪತ್ರವನ್ನು ತಮ್ಮ ಮುಖಾಂತರವೇ ಮರಾಠಿಗೆ ಮಾಡಿಸಿ ಕಳಿಸುತ್ತಿದ್ದೇನೆ. ನನಗೆ ಬಾಯಿಲ್ಲ, ತಮ್ಮ ಮೇಲ್ಮೆಯಲ್ಲಿ ನಂಬಿಕೆಯಿಟ್ಟಿದ್ದೇನೆ.

ಓದಿಯೂ ಸಹಿ ಹಾಕಿದ, ತಮ್ಮ ವಿಶ್ವಾಸಿ,
ಉಜ್ವಲಾ

ತಾ.ಕ. (ಸೋಮವಾರ): ತಾವು ಮಾಡಿದ ಮರಾಠಿ ಕೈಸೇರಿತು. ನಾನು ಹೊಗಳಿದಂತೆ ಬರೆದದ್ದನ್ನೆಲ್ಲ ತಾವು ಹೊಗಳಿಕೆ ಎಂದೇ ತಿಳಿದಿರಿ. ಮಂಡಳದ ಯಂತ್ರದ ಪ್ರತಿಭೆಗೆ ಈಕೆ ಬೆರಗಾಗಿದ್ದಾಳೆ, ವಲಾಂಡಿಯಲ್ಲಿ ಬಿಲ್ಲುವಿದ್ಯೆಯ ವರ್ಗ ತೆರೆಯಲು ಕೋರಿದ್ದಾಳೆ ಎಂದಿದೆ. ಧನರಾಜ ಸರ್ ಅದನ್ನು ‘ಅಭಿನಂದನ ಪತ್ರ’ ಎಂಬ ತಲೆಬರಹದ ಕೆಳಗೆ ಫಲಕಕ್ಕೆ ಅಂಟಿಸಿ, “ಬಹಳ ಛಂದ ಬರದೀರಿ ಮೇಡಂ,” ಎಂದರು. ಒಂದೂವರೆ ಪುಟದ ಮರಾಠಿಯನ್ನು ಈಗ ನಾನೇ ನೀಲಿ ಮಸಿಯಲ್ಲಿ ಬರೆದುಕೊಂಡಿದ್ದೇನೆ, ಅದರಲ್ಲಿ ಒಂದೂ ಹೊಗಳಿಕೆ ಇಲ್ಲ. ನಾಳೆ ಬೆಳಿಗ್ಗೆ ಜಗದೇವಿಯೂ ಅವಳ ಡಬರಿಯೂ ನನ್ನ ಜೊತೆ ಬಸ್ಸಿನಲ್ಲಿರುತ್ತಾರೆ. ಕಂಡಕ್ಟರು ಮರೆತರೆ, ನಿಲ್ಲಿಸ್ರಿ ಎಂದು ನಾನೇ ಕೂಗುತ್ತೇನೆ. ಕೋಣೆಯಲ್ಲಿ ನಾಲ್ಕು ಜನ ಇದ್ದರೂ ಒಳಗೆ ಹೋಗುತ್ತೇನೆ. ಮೊದಲ ಮಾತು ಕಲಿತುಕೊಂಡಾಗಿದೆ: ಓದಿ ನೋಡಿದೆ, ಸರಿಯಾಗಿಲ್ಲ.

ಮತ್ತೊಂದು: ತಮ್ಮ ನೆತ್ತಿಯ ಮೇಲಿದ್ದ ನೇರಳೆ ಶಾವಂತಿಯನ್ನು ನಾನು ವಲಾಂಡಿಯಲ್ಲಿಯೇ ಬಿಟ್ಟುಬಂದೆ. ಜಗದೇವಿ ಅದನ್ನು ಒಂದು ಟಗರಿನ ಕೊರಳಿಗೆ ಕಟ್ಟಿದ್ದಾಳೆ. ಬಾ ಎಂದರೆ ಬರುತ್ತದೆ, ನಿಲ್ಲು ಎಂದರೆ ನಿಲ್ಲುತ್ತದೆ. ಕನ್ನಡ ಚೆನ್ನಾಗಿ ತಿಳಿಯುತ್ತದೆ ಅದಕ್ಕೆ.